ಪಕ್ಷದ ಯಜಮಾನರು ಯಾರು?

ನವೆಂಬರ್ ಒಂದನೆಯ ತಾರೀಖು ಬಂದಿತೆಂದರೆ ಏಕೀಕರಣದ ಹಿರಿಯರನ್ನು ನೆನೆಯುವುದು ನಮ್ಮ ಪದ್ಧತಿ. 1956ರಲ್ಲಿ ಆ ದಿನ ವಿಶಾಲ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದವರು ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಶ್ರೀ ಎಸ್. ನಿಜಲಿಂಗಪ್ಪನವರು. ಹದಿಮೂರು ವರ್ಷಗಳ ತರುವಾಯ, 1969ರ ನವೆಂಬರ್ 12ರಂದು, ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಅವರೇ ದೇಶದ ಪ್ರಧಾನಿಯನ್ನು ಪಕ್ಷದಿಂದ ಹೊರಹಾಕಿದರು. ಹೊರಹಾಕಿದವರು ಯಜಮಾನರೋ, ಹೊರಬಿದ್ದವರು ಯಜಮಾನರೋ? ಈ ಪ್ರಶ್ನೆಗೂ ನಾವು ಬಂದು ನೆಲೆಸಿರುವ ಈ ಊರಿಗೂ ಹತ್ತಿರದ ನಂಟುಂಟು.

ಮದರಾಸಿನ ಮುಖ್ಯಮಂತ್ರಿ ಪದವಿಯನ್ನು 1963ರಲ್ಲಿ ತಾವಾಗಿ ಬಿಟ್ಟ ಶ್ರೀ ಕಾಮರಾಜರು ಮರುವರ್ಷ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಅವರು, ನಿಜಲಿಂಗಪ್ಪನವರು, ಆಂಧ್ರದ ಸಂಜೀವ ರೆಡ್ಡಿ, ಬಂಗಾಳದ ಅತುಲ್ಯ ಘೋಷ್, ಮುಂಬಯಿಯ ಎಸ್. ಕೆ. ಪಾಟೀಲ್, ಇವರ ಕೂಟವನ್ನು ಪತ್ರಿಕೆಗಳು 'ಸಿಂಡಿಕೇಟ್' ಎಂದು ಕರೆದವು. (ಕರಾವಳಿಯ ನಮ್ಮವರಿಗೆ ಆ ಹೆಸರು ಕೇಳಿದೊಡನೆ ನೆನಪಾಗುವುದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು!) ಒಬ್ಬೊಬ್ಬರ ಹಿಂದೆಯೂ ಒಂದೊಂದು ಪ್ರಾಂತ್ಯದ ಬಲವಿತ್ತು. ನೆಹರೂ ಅವರ ಅನಂತರ 1964ರಲ್ಲಿ ಶಾಸ್ತ್ರಿಗಳನ್ನೂ 1966ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರನ್ನೂ ಪ್ರಧಾನಿ ಪಟ್ಟಕ್ಕೆ ತಂದವರಲ್ಲಿ ಇವರೇ ಪ್ರಮುಖರು.

ಆದರೆ 1967ರ ಚುನಾವಣೆಯಲ್ಲಿ ಕಾಮರಾಜರು ತಮ್ಮ ವಿರುದುನಗರದಲ್ಲಿಯೇ ಒಬ್ಬ ವಿದ್ಯಾರ್ಥಿ ಮುಖಂಡನಿಗೆ ಸೋತರು. ಪಾಟೀಲರೂ ಘೋಷರೂ ಸೋತರು. ಜನಬಲ ಕುಗ್ಗಿದರೂ ಪೀಠಗಳು ಇವರ ಕೈಯಲ್ಲಿಯೇ ಉಳಿದವು. 1969ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ಪಾರ್ಲಿಮೆಂಟರಿ ಮಂಡಳಿ, ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನಕ್ಕೆ ಆರಿಸಿತು. ಒಂದೇ ವಾರದಲ್ಲಿ ಪ್ರಧಾನಿಯವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸಿನ ಖಾತೆಯನ್ನು ತೆಗೆದುಕೊಂಡರು. ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಈ ಮದರಾಸಿನ ಎರಡು ಬ್ಯಾಂಕುಗಳೂ ಆ ಪಟ್ಟಿಯಲ್ಲಿದ್ದವು. ಆಗಸ್ಟಿನಲ್ಲಿ, ಹಿಂದೆ ನಮ್ಮ ಮೈಸೂರಿನ ರಾಜ್ಯಪಾಲರಾಗಿದ್ದ ಶ್ರೀ ವಿ. ವಿ. ಗಿರಿಯವರು ಪಕ್ಷೇತರರಾಗಿ ನಿಂತು ಗೆದ್ದರು. ಪಕ್ಷದ ಅಭ್ಯರ್ಥಿ ಪಕ್ಷದವರಿಂದಲೇ ಸೋತಂತಾಯಿತು.

ಬ್ಯಾಂಕಿನಲ್ಲಿ ಲೆಡ್ಜರು ಬರೆಯುವ ನನಗೆ ಇದು ಹೀಗೆ ತೋರುತ್ತದೆ: ಚೆಕ್ಕಿಗೆ ಸಹಿ ಹಾಕುವ ಅಧಿಕಾರವಿದ್ದರೆ ಸಾಲದು, ಖಾತೆಯಲ್ಲಿ ಹಣವೂ ಇರಬೇಕು. ನಿಜಲಿಂಗಪ್ಪನವರ ಸಹಿ ನ್ಯಾಯವಾದದ್ದೇ, ಜಮೆ ಬರಿದಾಗಿತ್ತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಅವರ ಪಕ್ಷಕ್ಕೆ ಹೋದವು. ಯಾವುದು ನಿಜವಾದ ಕಾಂಗ್ರೆಸ್ಸೆಂಬ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಕೂಡ ಅದೇ ವರ್ಷ ಬಹುಮತದ ಲೆಕ್ಕವನ್ನೇ ಎತ್ತಿಹಿಡಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಪಟ್ಟಭದ್ರರು ಸೋತರು, ಜನರು ಗೆದ್ದರು ಎನ್ನಬಹುದಿತ್ತು. ಆದರೆ ಗೆದ್ದವರೇ ಹೊಸ ಪಟ್ಟಭದ್ರರಾದರು. 1972ರ ಬಳಿಕ ಆ ಪಕ್ಷದೊಳಗೆ ಮತ್ತೆ ಚುನಾವಣೆ ನಡೆದದ್ದು 1992ರಲ್ಲಿ. ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದಾಗ ಮುಖ್ಯಮಂತ್ರಿಗಳಾಗಿದ್ದ ಶ್ರೀ ದೇವರಾಜ ಅರಸರು, 1969ರಲ್ಲಿ ಯಾರ ಪರವಾಗಿ ನಿಂತಿದ್ದರೋ ಅವರ ಪಕ್ಷದಿಂದಲೇ 1979ರಲ್ಲಿ ಹೊರಬಿದ್ದರು. ಹಿಂದೆ ಐದು ಭಾಷೆಗಳ ಹಿರಿಯರು ಬಾಗಿಲು ಮುಚ್ಚಿಕೊಂಡು ತೀರ್ಮಾನಿಸುತ್ತಿದ್ದರು, ಅದು ತಪ್ಪು. ಅನಂತರ ಕನ್ನಡ ನಾಡಿನ ಮುಖ್ಯಮಂತ್ರಿ ಯಾರೆಂಬುದಕ್ಕೂ ದಿಲ್ಲಿಯ ಒಂದೇ ಬಾಗಿಲನ್ನು ಕಾಯಬೇಕಾಯಿತು. ಅದು ಇನ್ನೂ ದೊಡ್ಡ ತಪ್ಪು.

ಆದುದರಿಂದ ಪಟ್ಟಭದ್ರರೆಂದರೆ ಇಂಥ ವ್ಯಕ್ತಿಗಳೆಂದು ಬೆರಳು ಮಾಡಿ ತೋರಿಸಲಾಗದು. ಸದಸ್ಯರನ್ನು ಕೇಳದೆ ಸದಸ್ಯರ ಪರವಾಗಿ ತೀರ್ಮಾನಿಸುವವರು ಯಾರೋ ಅವರೇ ಪಟ್ಟಭದ್ರರು. ಈ ಮಾತು ನಮ್ಮಂತಹ ಸಂಘಗಳಿಗೂ ಸಲ್ಲುತ್ತದೆ.

ತ್ಯಾಗರಾಯನಗರದ ತಿರುಮಲೈ ಪಿಳ್ಳೈ ರಸ್ತೆಯಲ್ಲಿ ಕಾಮರಾಜರು ಬಾಡಿಗೆಗಿದ್ದ ಮನೆ ಈಗ ಸ್ಮಾರಕವಾಗಿದೆ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಪ್ರಧಾನಿಗಳನ್ನು ಮಾಡಿದ ಹಿರಿಯರಿಗೆ ಸ್ವಂತದ್ದೊಂದು ಮನೆ ಇರಲಿಲ್ಲವೆಂಬುದನ್ನೂ ಅವರಿಗೆ ಹೇಳಿರಿ.