740ರಲ್ಲಿ 10: ಕಾವೇರಿ ಜಗಳದಲ್ಲಿ ಯಾರೂ ಕೇಳದ ಪಾಲುದಾರ

ಚೆನ್ನೈನಲ್ಲೋ ಹೈದರಾಬಾದ್‌ನಲ್ಲೋ ಕೆಲಸ ಮಾಡೋ ನಮ್ಮವರಿಗೆ ಇದು ಗೊತ್ತಿರುತ್ತೆ. ಮಳೆ ಕೈಕೊಟ್ಟ ವರ್ಷ ಆಫೀಸ್ ಕ್ಯಾಂಟೀನಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ, "ಈ ಸಲ ನಿಮ್ಮವರು ಕಾವೇರಿ ನೀರು ಬಿಡ್ತಾರಾ?" ಅಂತ. ನಾವೂ ಫೋನ್ ತೆಗೆದು ಕೆಆರ್‌ಎಸ್ ಮಟ್ಟ ಎಷ್ಟು ಅಡಿ ಅಂತ ನೋಡ್ತೀವಿ. ಇವತ್ತು ಅದೇ ಕಾವೇರಿಯ ಇತಿಹಾಸವನ್ನ ಬೇರೆ ಕಡೆಯಿಂದ ನೋಡೋಣ. ನೀರಿನ ಒಳಗಿನಿಂದ.

ಮೊದಲು ಒಂದು ಲೆಕ್ಕ. 2007ರಲ್ಲಿ ಕಾವೇರಿ ನ್ಯಾಯಮಂಡಳಿ ಇಡೀ ಕೊಳ್ಳದಲ್ಲಿ 740 ಟಿಎಂಸಿ ನೀರು ಸಿಗುತ್ತೆ ಅಂತ ತೀರ್ಮಾನಿಸಿತು. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಸಮುದ್ರಕ್ಕೆ ಹೇಗೂ ಹರಿದು ಹೋಗೋದು 4. ಪರಿಸರಕ್ಕೆ 10. 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲನ್ನ 284.75ಕ್ಕೆ ಏರಿಸಿದಾಗ ಎರಡೂ ಕಡೆ ದೊಡ್ಡ ಚರ್ಚೆ ಆಯ್ತು. ಆ 10ರ ಬಗ್ಗೆ ಮಾತಾಡಿದವರು ಎಷ್ಟು ಜನ? ನೂರಕ್ಕೆ ಒಂದೂವರೆ ಪಾಲೂ ಅಲ್ಲ ಅದು.

ಕೆಳಗಿನ ರಾಜ್ಯಕ್ಕೆ ಬಿಡೋ ನೀರಲ್ಲೂ ಮೀನು ಬದುಕುತ್ತಲ್ಲ ಅಂತ ನೀವು ಕೇಳಬಹುದು. ನಿಜ. ಆದ್ರೆ ಆ ನೀರು ಬರೋದು ಬೆಳೆ ಮತ್ತು ಕರೆಂಟಿನ ಟೈಮ್‌ಟೇಬಲ್ ಪ್ರಕಾರ. ಮೀನಿನ ಟೈಮ್‌ಟೇಬಲ್ ಬೇರೆ.

ಈ ಪ್ರಶ್ನೆಯನ್ನ ಬಹಳ ಹಿಂದೆಯೇ ಎತ್ತಿದವರಲ್ಲಿ ಒಬ್ಬರು ಸ್ವತಃ ಅಣೆಕಟ್ಟು ಕಟ್ಟಿದ ಎಂಜಿನಿಯರ್ ಅನ್ನೋದು ಸ್ವಾರಸ್ಯ. ಸರ್ ಆರ್ಥರ್ ಕಾಟನ್ 1836ರ ಹೊತ್ತಿಗೆ ಕಾವೇರಿಯ ಕವಲಾದ ಕೊಳ್ಳಿಡಂಗೆ ಅಣೆಕಟ್ಟುಗಳನ್ನ ಕಟ್ಟಿಸಿದವರು. 1867ರಲ್ಲಿ ಅವರೇ, ಇಂಥ ಕಟ್ಟೆಗಳಿಂದ ಮೀನುಗಾರಿಕೆಗೆ ಹಾನಿ ಆಗ್ತಿರಬಹುದು ಅಂತ ಸರ್ಕಾರದ ಗಮನಕ್ಕೆ ತಂದರು. ಪರಿಶೀಲನೆಯ ಕೆಲಸ ಫ್ರಾನ್ಸಿಸ್ ಡೇ ಅನ್ನೋ ವೈದ್ಯರಿಗೆ ಬಂತು. ಚಿಂತೆ ಮುಖ್ಯವಾಗಿ ಹಿಲ್ಸಾದ್ದು. ನಿಮ್ಮ ಟೀಮಿನ ಬಂಗಾಳಿ ಗೆಳೆಯರು 'ಇಲಿಶ್' ಅಂತ ಬಾಯಿ ಚಪ್ಪರಿಸ್ತಾರಲ್ಲ, ಅದೇ ಮೀನು. ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ನದಿ ಹತ್ತಿ ಬರುತ್ತೆ. ಎದುರಿಗೆ ಗೋಡೆ ಸಿಕ್ಕರೆ ಪಯಣ ಅಲ್ಲಿಗೇ ಮುಗೀತು.

ಪ್ರಶ್ನೆ ಎದ್ದಿತು, ಆದ್ರೆ ಕಟ್ಟೋದು ನಿಲ್ಲಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಯ್ತು. 1924ರಲ್ಲಿ ಮೈಸೂರು ಮತ್ತು ಮದ್ರಾಸ್ ಒಪ್ಪಂದ ಮಾಡಿಕೊಂಡವು. 1934ರಲ್ಲಿ ಮೆಟ್ಟೂರು ಮುಗೀತು. ಇದನ್ನ ಬೈಯೋದು ಸುಲಭ, ಆದ್ರೆ ಅದು ನ್ಯಾಯ ಅಲ್ಲ. ಕೆಆರ್‌ಎಸ್ ಇಲ್ಲದಿದ್ರೆ ಇವತ್ತಿನ ಮಂಡ್ಯದ ಕಬ್ಬಿನ ಗದ್ದೆ ಇಲ್ಲ. ನಮ್ಮಲ್ಲಿ ಎಷ್ಟೋ ಜನರ ಫೀಸು ಕಟ್ಟಿದ್ದು ಅದೇ ನಾಲೆಯ ನೀರು. ಆದ್ರೆ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು.

ಆ ಸಾಲಿನ ಹೆಸರು ಗೂನುಬೆನ್ನಿನ ಮಹಶೀರ್. ಕಿತ್ತಳೆ ಬಣ್ಣದ ರೆಕ್ಕೆ, ಎತ್ತಿದ ಬೆನ್ನು. ಕಾವೇರಿ ಮತ್ತು ಅದರ ಉಪನದಿಗಳನ್ನ ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳ ಹಾಕಿ ಹಿಡಿದ ಮೀನು 120 ಪೌಂಡ್ ತೂಗಿತು, ಅಂದ್ರೆ 54 ಕೆಜಿ. ಆಗ ಕಬಿನಿಗೆ ಈಗಿನ ಅಣೆಕಟ್ಟು ಇರಲಿಲ್ಲ.

ಈ ಮೀನಿಗೆ ಬೇಕಾದ್ದು ಆಮ್ಲಜನಕ ತುಂಬಿದ, ಹರಿಯೋ ನೀರು. ಮಳೆಗಾಲದ ಪ್ರವಾಹದಲ್ಲಿ ಮೇಲಕ್ಕೆ ಈಜಿ, ಜಲ್ಲಿಕಲ್ಲಿನ ತಳದಲ್ಲಿ ಮೊಟ್ಟೆ ಇಡುತ್ತೆ. ಅಣೆಕಟ್ಟು ಕಟ್ಟಿದ್ರೆ ದಾರಿ ಮುಚ್ಚುತ್ತೆ, ಹಿನ್ನೀರು ನಿಂತು ಹೂಳು ಕೂರುತ್ತೆ, ಕೆಳಗಡೆ ಟರ್ಬೈನ್ ಓಡಿದಂತೆ ನೀರು ದಿನಾ ಏರಿಳಿಯುತ್ತೆ. ಜೊತೆಗೆ ಮರಳು ದಂಧೆ, ಡೈನಮೈಟ್ ಬೇರೆ.

ಆಮೇಲೆ ಒಳ್ಳೆ ಮನಸ್ಸಿನಿಂದಲೇ ಒಂದು ತಪ್ಪಾಯ್ತು. ಪುಣೆಯವರು ವೀಕೆಂಡ್‌ಗೆ ಹೋಗೋ ಲೋಣಾವಳದಲ್ಲಿ ಮಹಶೀರ್ ಮರಿ ಬೆಳೆಸೋ ಕೇಂದ್ರ ಇತ್ತು. ಅಲ್ಲಿನ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನ ಕಾವೇರಿಗೂ ಬಿಟ್ಟರು. ಅದು ಬೇರೆ ಪ್ರಭೇದ. ಗಾಲಿಬೋರೆ ಶಿಬಿರದಲ್ಲಿ ಗಾಳ ಹಾಕಿದವರ 1998ರಿಂದ 2012ರವರೆಗಿನ ದಾಖಲೆ ನೋಡಿದ್ರೆ ಕಥೆ ಗೊತ್ತಾಗುತ್ತೆ. ಹಿಡಿದ ಮೀನಿನ ಸಂಖ್ಯೆ ಹೆಚ್ಚಿದೆ, ಗೂನುಬೆನ್ನಿನದು ಕುಸಿದಿದೆ. ಎಲ್ಲವನ್ನೂ 'ಮಹಶೀರ್' ಅಂತ ಒಂದೇ ಖಾತೆಗೆ ಬರೆದಿದ್ರೆ ನದಿ ಚೆನ್ನಾಗಿದೆ ಅಂತಲೇ ಅನಿಸ್ತಿತ್ತು.

ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದು 2018ರಲ್ಲಿ, ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳನ್ನ ಪರೀಕ್ಷಿಸಿದ ಮೇಲೆ: ಟೋರ್ ರೆಮಾದೇವಿ. ಅದೇ ವರ್ಷ ಅದು ಐಯುಸಿಎನ್‌ನ ಕೆಂಪುಪಟ್ಟಿ ಸೇರಿತು, ಅಳಿವಿಗೆ ತೀರಾ ಹತ್ತಿರ ಇರೋ ಜೀವಿಗಳ ಸಾಲಲ್ಲಿ.

ಈಗ ಮೇಕೆದಾಟು. 67 ಟಿಎಂಸಿಯ ಜಲಾಶಯ, 400 ಮೆಗಾವಾಟ್ ವಿದ್ಯುತ್, ಬೆಂಗಳೂರಿಗೆ 4.75 ಟಿಎಂಸಿ ಕುಡಿಯೋ ನೀರು. ಮುಳುಗೋದು ಸುಮಾರು 5,000 ಹೆಕ್ಟೇರ್, ಹೆಚ್ಚಿನದು ಕಾಡು. ಕಾವೇರಿ ವನ್ಯಧಾಮದ ಆನೆ, ನೀರುನಾಯಿ, ಮೊಸಳೆ ಓಡಾಡೋ ಜಾಗ. ಶಿವನಸಮುದ್ರದಿಂದ ಮೆಟ್ಟೂರಿನ ಹಿನ್ನೀರಿನವರೆಗೆ ನದಿ ಇನ್ನೂ ಬಂಡೆ ಸೀಳಿಕೊಂಡು ಹರಿಯೋ ಕಣಿವೆ ಇದು. ಬೆಂಗಳೂರಿನ ಬಾಯಾರಿಕೆ ಸುಳ್ಳಲ್ಲ, ಟ್ಯಾಂಕರಿಗೆ ದುಡ್ಡು ಕೊಟ್ಟವರಿಗೆ ಗೊತ್ತು. ಆದ್ರೆ ಎರಡೂ ರಾಜ್ಯ ವಾದ ಮಾಡ್ತಿರೋದು ನೀರು ಯಾರದು ಅಂತ. ನದಿ ಉಳಿಯುತ್ತಾ ಅನ್ನೋದು ಬೇರೆ ಪ್ರಶ್ನೆ.

ಹಾಸನ ಜಿಲ್ಲೆಯ ರಾಮನಾಥಪುರಕ್ಕೆ ಹೋದ್ರೆ ದೇವಸ್ಥಾನದ ಮುಂದೆ ಕಾವೇರಿಯಲ್ಲಿ ಮಹಶೀರ್ ಗುಂಪು ಕಾಣುತ್ತೆ. ದೇವರ ಮೀನು ಅಂತ ಅಲ್ಲಿ ಯಾರೂ ಹಿಡಿಯಲ್ಲ. ನದಿಯಲ್ಲಿ ನಮ್ಮದಲ್ಲದ ಪಾಲೂ ಇದೆ ಅಂತ ನಮ್ಮ ಹಿರಿಯರು ಟಿಎಂಸಿ ಲೆಕ್ಕ ಬರೋಕೆ ಮುಂಚೆನೇ ಒಪ್ಪಿದ್ದರು.

ಮುಂದಿನ ಸಲ ಕ್ಯಾಂಟೀನಲ್ಲಿ ಆ ಪ್ರಶ್ನೆ ಬಂದಾಗ ಜಗಳ ಬೇಡ. ಚೆನ್ನೈ ಗೆಳೆಯರು ಕುಡಿಯೋ ವೀರಾಣಂ ನೀರಲ್ಲೂ ಕಾವೇರಿ ಇದೆ. ನಮಗೆಷ್ಟು, ನಿಮಗೆಷ್ಟು ಅಂತ ಮಾತಾಡಿ ಮುಗಿದ ಮೇಲೆ, ಆ 10ರ ಬಗ್ಗೆಯೂ ಒಂದು ಮಾತು ಕೇಳಿ.