ಎಂಟುನೂರು ಮೈಲಿಯ ಬೇಲಿ

ಮದ್ರಾಸಿನ ಓಕ್ಸ್ ಅಂಡ್ ಕಂಪನಿಯಲ್ಲಿ ಕೆಲಸಕ್ಕಿದ್ದ ಜ್ಯಾಕ್ಸನ್ ಎಂಬವರ ಕರಾರುಪತ್ರದಲ್ಲಿ ಒಂದು ಷರತ್ತಿತ್ತು. ಇಲ್ಲಿ ಕೆಲಸ ಬಿಟ್ಟರೆ ಮದ್ರಾಸಿನಿಂದ ಎಂಟುನೂರು ಮೈಲಿಯೊಳಗೆ ಅದೇ ಬಗೆಯ ಕೆಲಸಕ್ಕೆ ಇಳಿಯಕೂಡದು. ಭೂಪಟದ ಮೇಲೆ ಕೈವಾರ ಊರಿ ಈ ವೃತ್ತವನ್ನು ಒಮ್ಮೆ ಎಳೆದು ನೋಡಬೇಕು. ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡ ಎಲ್ಲ ಒಳಗೆ. ಹೈದರಾಬಾದ್ ಒಳಗೆ, ಬೊಂಬಾಯಿ ಒಳಗೆ, ಕಡಲಾಚೆಯ ಕೊಲಂಬೊ ಕೂಡ ಒಳಗೆ. ಕಲಕತ್ತೆ ಮಾತ್ರ ಸುಮಾರು ಐವತ್ತು ಮೈಲಿ ಅಂತರದಲ್ಲಿ ತಪ್ಪಿಸಿಕೊಳ್ಳುತ್ತದೆ. ಕಸುಬು ಗೊತ್ತಿದ್ದೂ ದಕ್ಷಿಣ ಭಾರತದಲ್ಲೆಲ್ಲೂ ಅದನ್ನು ಮಾಡುವಂತಿಲ್ಲ ಎಂದಾಯಿತು.

1876ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಈ ಬೇಲಿ ನಿಲ್ಲಲಿಲ್ಲ. ಈ ದೇಶದಲ್ಲಿ ವ್ಯಾಪಾರ ಇನ್ನೂ ಎಳೆಯದು, ಹಾಗಾಗಿಯೇ ಶಾಸನ ಮಾಡಿದವರು ವಿನಾಯಿತಿಗಳನ್ನು ಆದಷ್ಟು ಕಡಿಮೆ ಇಟ್ಟಿರಬಹುದು ಎಂಬುದು ನ್ಯಾಯಮೂರ್ತಿ ಕಿಂಡರ್ಸ್ಲಿ ಅವರ ಊಹೆ. ಅವರು ಹೇಳುತ್ತಿದ್ದ ಶಾಸನಕ್ಕೆ ಆಗ ನಾಲ್ಕು ವರ್ಷ. 1872ರ ಭಾರತೀಯ ಕರಾರು ಅಧಿನಿಯಮ, ಅದರ 27ನೇ ಕಲಂ. ನ್ಯಾಯಸಮ್ಮತವಾದ ವೃತ್ತಿ, ವ್ಯಾಪಾರ, ಉದ್ಯೋಗ ಯಾವುದನ್ನೇ ಆಗಲಿ ಮಾಡದಂತೆ ಒಬ್ಬರನ್ನು ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ ಎಂದು ಅದು ಹೇಳುತ್ತದೆ. ಅಂಗಡಿಯನ್ನು ಅದರ ಹೆಸರು, ಗಿರಾಕಿಗಳ ಸಮೇತ ಮಾರಿದವನು ಪಕ್ಕದಲ್ಲೇ ಇನ್ನೊಂದು ಅಂಗಡಿ ತೆರೆಯದಂತೆ ತಡೆಯಬಹುದು ಎನ್ನುವುದೊಂದೇ ಇಂದು ಅದರಲ್ಲಿ ಉಳಿದಿರುವ ವಿನಾಯಿತಿ.

ಆಳುತ್ತಿದ್ದವರು ಇಂಗ್ಲಿಷರು, ಆದರೆ ಈ ಕಲಂ ಇಂಗ್ಲೆಂಡಿನದಲ್ಲ. ಇಂಗ್ಲೆಂಡಿನಲ್ಲಿ ಈ ಜಗಳಕ್ಕೆ ಅಷ್ಟು ಹೊತ್ತಿಗೇ ನಾಲ್ಕೂವರೆ ಶತಮಾನ ತುಂಬಿತ್ತು. 1414ರಲ್ಲಿ ಬಟ್ಟೆಗೆ ಬಣ್ಣ ಹಾಕುವ ಜಾನ್ ಡೈಯರ್ ಎಂಬವನ ಮೇಲೆ ದಾವೆ ಬಿತ್ತು. ಆರು ತಿಂಗಳು ತನ್ನ ಊರಿನಲ್ಲಿ ಆ ಕೆಲಸ ಮಾಡುವುದಿಲ್ಲವೆಂದು ಅವನು ಮುಚ್ಚಳಿಕೆ ಬರೆದುಕೊಟ್ಟಿದ್ದ. ನ್ಯಾಯಾಧೀಶ ಹಲ್ ಅದನ್ನು ಕೇಳಿ ಕೆಂಡವಾದ. ದಾವೆ ಹಾಕಿದವನು ಇಲ್ಲಿದ್ದಿದ್ದರೆ ರಾಜನಿಗೆ ದಂಡ ಕಟ್ಟುವವರೆಗೆ ಅವನನ್ನು ಸೆರೆಮನೆಗೆ ತಳ್ಳುತ್ತಿದ್ದೆ ಎಂದು ದೇವರ ಆಣೆ ಹಾಕಿ ಗುಡುಗಿದ. ಆ ಸಿಟ್ಟಿಗೆ ಕಾರಣವಿತ್ತು. ಪ್ಲೇಗು ಹೊಡೆದುಕೊಂಡು ಹೋದ ದೇಶದಲ್ಲಿ ದುಡಿಯುವ ಕೈಗಳಿಗೆ ಬರ ಬಂದಿತ್ತು. ಮೈಯಲ್ಲಿ ಕಸುವಿದ್ದವನು ಕೆಲಸ ಮಾಡದೆ ಕೂರುವುದೇ ತಪ್ಪೆಂದು 1351ರಲ್ಲಿ ಕಾನೂನಾಗಿತ್ತು. ಅಂಥಲ್ಲಿ ಕಸುಬುದಾರನನ್ನು ಕಾಗದ ತೋರಿಸಿ ಕೂರಿಸುವುದೆಂದರೆ?

ಮುನ್ನೂರು ವರ್ಷ ಕಳೆಯುವಷ್ಟರಲ್ಲಿ ಆ ಸಿಟ್ಟು ಇಳಿದಿತ್ತು. ಲಂಡನ್ನಿನ ಹೋಬರ್ನ್ ಬಡಾವಣೆಯ ರೊಟ್ಟಿ ಅಂಗಡಿಯವನೊಬ್ಬ ತನ್ನ ಬೇಕರಿಯನ್ನು ಐದು ವರ್ಷಕ್ಕೆ ಇನ್ನೊಬ್ಬನಿಗೆ ವಹಿಸಿಕೊಟ್ಟು, ಅಲ್ಲಿಯವರೆಗೆ ಆ ಪ್ಯಾರಿಷ್‌ನಲ್ಲಿ ತಾನು ರೊಟ್ಟಿ ಸುಡುವುದಿಲ್ಲವೆಂದು 50 ಪೌಂಡಿನ ಬಾಂಡ್ ಬರೆದುಕೊಟ್ಟ. ಮಾತು ತಪ್ಪಿದ. 1711ರಲ್ಲಿ ತೀರ್ಪು ಅವನ ವಿರುದ್ಧ ಬಂತು. ತಡೆ ಸಣ್ಣದಾಗಿದ್ದು, ಅದಕ್ಕೆ ತಕ್ಕ ಪ್ರತಿಫಲ ಸಿಕ್ಕಿದ್ದರೆ ಕರಾರು ನಡೆಯುತ್ತದೆ ಎಂದಿತು ಕೋರ್ಟು. ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ಎಷ್ಟು ದೂರ, ಎಷ್ಟು ಕಾಲ ಎಂಬ ಅಳತೆಯ ಮಾತೇ ಮಾತು. 1894ರಲ್ಲಿ ಫಿರಂಗಿ ತಯಾರಕ ನಾರ್ಡನ್‌ಫೆಲ್ಟ್ ಪ್ರಕರಣದಲ್ಲಿ ಇಪ್ಪತ್ತೈದು ವರ್ಷ, ಇಡೀ ಜಗತ್ತು ಎಂಬ ಬೇಲಿಯೂ ಸಮಂಜಸ ಅನ್ನಿಸಿಕೊಂಡಿತು. ಫಿರಂಗಿ ಕೊಳ್ಳುವವರು ಸರ್ಕಾರಗಳು ಮಾತ್ರ, ಅವು ಜಗತ್ತಿನ ತುಂಬ ಇವೆ ಎಂಬುದು ಅಲ್ಲಿನ ತರ್ಕ.

ಭಾರತಕ್ಕೆ ಬಂದದ್ದು ಬೇರೆ ಬೀಜ. ನ್ಯೂಯಾರ್ಕಿನ ವಕೀಲ ಡೇವಿಡ್ ಡಡ್ಲಿ ಫೀಲ್ಡ್ (ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ತಂತಿ ಹಾಕಿಸಿದ ಸೈರಸ್ ಫೀಲ್ಡ್ ಈತನ ತಮ್ಮ) ತನ್ನ ರಾಜ್ಯಕ್ಕೆಂದು ಒಂದು ಸಿವಿಲ್ ಸಂಹಿತೆಯ ಕರಡು ಸಿದ್ಧಪಡಿಸಿದ್ದ. ವೃತ್ತಿ ತಡೆಯುವ ಕರಾರು ಶೂನ್ಯ ಎಂಬ ಕಲಂ ಅದರಲ್ಲಿತ್ತು. ಆ ಕರಡು ನ್ಯೂಯಾರ್ಕಿನಲ್ಲಿ ಕಾಯಿದೆಯಾಗಲೇ ಇಲ್ಲ. ಮನೆಯಲ್ಲಿ ಬೇಡವಾದ ಕೂಸನ್ನು ಎರಡು ನಾಡುಗಳು ಎತ್ತಿಕೊಂಡವು, ಅದೂ ಒಂದೇ ವರ್ಷ. 1872ರಲ್ಲಿ ಕ್ಯಾಲಿಫೋರ್ನಿಯಾ, 1872ರಲ್ಲೇ ಬ್ರಿಟಿಷ್ ಭಾರತ. ಇಂಗ್ಲೆಂಡಿನ ಕಾನೂನು ಪಂಡಿತ ಫ್ರೆಡರಿಕ್ ಪೊಲಾಕ್‌ಗೆ ಫೀಲ್ಡನ ಕರಡೆಂದರೆ ಆಗದು. ಅದರಿಂದ ಎರವಲು ತಂದದ್ದು ಭಾರತದ ಕಾಯಿದೆಗೆ ಕೇಡಾಯಿತು ಎಂಬುದೇ ಅವನ ನಿಲುವು.

ಕಲಕತ್ತೆಯ ಹಿತ್ತಾಳೆ ವ್ಯಾಪಾರಿಗಳು ಹೊಸ ಕಲಮನ್ನು ಬೇಗನೆ ಪರೀಕ್ಷೆಗೆ ಒಡ್ಡಿದರು. ರಾಜಕುಮಾರ ದಾಸ್ ಕಡೆಯವರಿಗೆ ಮಾಧವಚಂದ್ರ ಪರಮಾಣಿಕ್‌ನ ಅಂಗಡಿ ಕಣ್ಣಿನ ಕಸವಾಗಿತ್ತು. ಅಂಗಡಿ ಮುಚ್ಚು, ಕೆಲಸಗಾರರಿಗೆ ನೀನು ಕೊಟ್ಟಿರುವ ಮುಂಗಡವನ್ನೆಲ್ಲ ನಾವು ತುಂಬಿಕೊಡುತ್ತೇವೆ ಎಂದರು. ಅವನು ಮುಚ್ಚಿದ. ಇವರು ದುಡ್ಡು ಕೊಡಲಿಲ್ಲ. 1874ರಲ್ಲಿ ಮುಖ್ಯ ನ್ಯಾಯಮೂರ್ತಿ ರಿಚರ್ಡ್ ಕೌಚ್ ಕಾಯಿದೆಯ ಅಕ್ಷರ ಹಿಡಿದು ಓದಿದರು: ತಡೆ ಪೂರ್ತಿಯಾಗಿರಲಿ, ಒಂದು ಬಡಾವಣೆಗಷ್ಟೇ ಇರಲಿ, ಕರಾರು ಶೂನ್ಯ. ಕರಾರೇ ಇಲ್ಲವೆಂದ ಮೇಲೆ ಬಾಕಿ ಎಲ್ಲಿಯದು? ಸ್ವಾತಂತ್ರ್ಯ ಕಾಯುವ ಕಲಮಿನ ಮೊದಲ ದೊಡ್ಡ ತೀರ್ಪಿನಲ್ಲಿ ಅಂಗಡಿ ಕಳೆದುಕೊಂಡವನಿಗೆ ಮುಂಗಡವೂ ದಕ್ಕಲಿಲ್ಲ.

ಆದರೆ ವಕೀಲರು ಸುಮ್ಮನೆ ಕೂರುವ ಜನವಲ್ಲ. ಕೆಲಸ ಬಿಟ್ಟ ಮೇಲಿನ ತಡೆ ನಡೆಯದಿದ್ದರೆ ಹೋಗಲಿ, ಕೆಲಸದ ಅವಧಿಯೊಳಗಿನ ತಡೆ? ಅಸ್ಸಾಮಿನ ಬ್ರಹ್ಮಪುತ್ರ ಟೀ ಕಂಪನಿ ತನ್ನ ಸಹಾಯಕನಿಗೆ ಐದು ವರ್ಷ, ನಲವತ್ತು ಮೈಲಿಯ ಷರತ್ತು ಹಾಕಿತ್ತು. 1885ರಲ್ಲಿ ಅದು ಬಿತ್ತು, ಆದರೆ ಸೇವೆಯಲ್ಲಿರುವಷ್ಟು ಕಾಲ ಬೇರೆಯವರಿಗೆ ದುಡಿಯದಿರುವುದು ತಡೆಯಲ್ಲ ಎಂಬ ಮಾತೂ ಜೊತೆಗೇ ಬಂತು. 1899ರಲ್ಲಿ ಜಂಜಿಬಾರ್‌ನ ವೈದ್ಯರಿಬ್ಬರ ಜಗಳ ಬೊಂಬಾಯಿ ಹೈಕೋರ್ಟಿಗೆ ಬಂದಾಗ ಆ ಮಾತು ಗಟ್ಟಿಯಾಯಿತು. ಮೂರು ವರ್ಷಕ್ಕೆಂದು ಸೇರಿದ್ದ ಸಹಾಯಕ ವೈದ್ಯ ನಡುವೆಯೇ ಬಿಟ್ಟು ಅದೇ ಊರಲ್ಲಿ ಸ್ವಂತ ಪ್ರಾಕ್ಟೀಸ್ ತೆರೆದಿದ್ದ. ಉಳಿದ ಅವಧಿಗೆ ಅವನಿಗೆ ತಡೆಯಾಜ್ಞೆ ಬಿತ್ತು.

ಈ ಪಕ್ಕದ ಬಾಗಿಲಿನಿಂದಲೇ ಸೆಂಚುರಿ ಕಂಪನಿ 1967ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಕಲ್ಯಾಣದ ಅದರ ರೇಯಾನ್ ಕಾರ್ಖಾನೆ ಹಾಲೆಂಡಿನ ಕಂಪನಿಯಿಂದ ಟೈರ್ ದಾರದ ತಂತ್ರಜ್ಞಾನ ತಂದು, ಗುಟ್ಟು ಕಾಪಾಡುವುದಾಗಿ ಮಾತು ಕೊಟ್ಟಿತ್ತು. ಐದು ವರ್ಷಕ್ಕೆ ಬರೆದುಕೊಟ್ಟು ತರಬೇತಿ ಪಡೆದ ಪಾಳಿ ಮೇಲ್ವಿಚಾರಕನೊಬ್ಬ 1964ರಲ್ಲಿ ಬಿಟ್ಟುಹೋಗಿ ಕೋಟಾದ ರೇಯಾನ್ ಕಂಪನಿ ಸೇರಿದ. ಅಲ್ಲಿ ಸಂಬಳ 560 ರೂಪಾಯಿ, ಇಲ್ಲಿಗಿಂತ ಹೆಚ್ಚು. ಆ ಜಗಳ ದೆಹಲಿಯವರೆಗೆ ಹೋಗಿ, ಐದು ವರ್ಷ ಮುಗಿಯುವವರೆಗೆ ಅವನು ಆ ಕೆಲಸ ಮಾಡಕೂಡದು ಎಂಬಲ್ಲಿಗೆ ನಿಂತಿತು. 1980ರಲ್ಲಿ ಇನ್ನೊಂದು ಕಂಪನಿ, ತಾನೇ ತೆಗೆದುಹಾಕಿದ ದೆಹಲಿ ಶಾಖೆಯ ಮ್ಯಾನೇಜರನ ಮೇಲೆ ಎರಡು ವರ್ಷದ ತಡೆ ಕೇಳಿತು. ಕೋರ್ಟು ಕೊಡಲಿಲ್ಲ. ಕ್ರಿಕೆಟಿಗ ಜಹೀರ್ ಖಾನ್‌ರನ್ನು ಒಪ್ಪಂದ ಮುಗಿದ ಮೇಲೂ ಕಟ್ಟಿಹಾಕಲು ಹೊರಟ ಪರ್ಸೆಪ್ಟ್ ಡಿ'ಮಾರ್ಕ್ ಸಂಸ್ಥೆಗೂ 2006ರಲ್ಲಿ ಅದೇ ಗತಿ. ಇಂಗ್ಲೆಂಡಿನ ಸಮಂಜಸತೆಯ ಅಳತೆಗೋಲು ಇಲ್ಲಿಗೂ ಬರಲಿ ಎಂದು ಕಾನೂನು ಆಯೋಗ 1958ರಲ್ಲೇ ಹೇಳಿತ್ತು. ಸಂಸತ್ತು ಇಂದಿಗೂ ಕಲಮನ್ನು ಮುಟ್ಟಿಲ್ಲ.

ಫೀಲ್ಡನ ಇನ್ನೊಂದು ಸಾಕುಕೂಸು ಕ್ಯಾಲಿಫೋರ್ನಿಯಾದಲ್ಲಿ ಏನು ಮಾಡಿತು ಎಂಬುದು ಬೆಂಗಳೂರಿಗೆ ಚೆನ್ನಾಗಿ ಗೊತ್ತು. 1957ರಲ್ಲಿ ಎಂಟು ಮಂದಿ ವಿಲಿಯಂ ಶಾಕ್ಲಿಯ ಕಂಪನಿಯನ್ನು ಬಿಟ್ಟು ಬಂದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ಇಬ್ಬರು 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಕಟ್ಟಿದರು. ಬಾಸ್ಟನ್ ಹಿಂದೆ ಬಿದ್ದು ಸಿಲಿಕಾನ್ ಕಣಿವೆ ಬೆಳೆದದ್ದಕ್ಕೆ ಈ ಕಾನೂನೂ ಒಂದು ಕಾರಣ ಎಂದು ಪ್ರಾಧ್ಯಾಪಕ ರೊನಾಲ್ಡ್ ಗಿಲ್ಸನ್ 1999ರಲ್ಲಿ ವಾದಿಸಿದರು. ಬೆಂಗಳೂರಿನ ಕಥೆಯೂ ಬಿಟ್ಟುಬಂದವರದೇ. 1981ರಲ್ಲಿ ಇನ್ಫೋಸಿಸ್ ಕಟ್ಟಿದ ಏಳು ಮಂದಿ ಪಟ್ನಿ ಕಂಪ್ಯೂಟರ್ಸ್ ಬಿಟ್ಟು ಬಂದವರು. ಅದೇ ಇನ್ಫೋಸಿಸ್‌ನ ನೇಮಕಾತಿ ಕರಾರಿನಲ್ಲಿ, ಕೊನೆಯ ಹನ್ನೆರಡು ತಿಂಗಳಲ್ಲಿ ಯಾವ ಗ್ರಾಹಕನ ಕೆಲಸ ಮಾಡಿದ್ದರೋ ಅವನ ಕೆಲಸಕ್ಕಾಗಿ ಟಿಸಿಎಸ್, ಐಬಿಎಂ, ಅಕ್ಸೆಂಚರ್, ಕಾಗ್ನಿಜೆಂಟ್, ವಿಪ್ರೊ ಕಡೆಗೆ ಆರು ತಿಂಗಳು ಹೋಗಕೂಡದು ಎಂಬ ಷರತ್ತಿದೆಯೆಂದು 2022ರ ಏಪ್ರಿಲ್‌ನಲ್ಲಿ ನೌಕರರ ಸಂಘಟನೆಯೊಂದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು.

ಕೋರ್ಟಿನಲ್ಲಿ ನಿಲ್ಲದ ಷರತ್ತನ್ನು ಕಂಪನಿಗಳು ಏಕೆ ಬರೆಯುತ್ತವೆ? ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯೊಬ್ಬಳು ಇಪ್ಪತ್ತು ಪುಟದ ಕಾಗದದ ಪ್ರತಿ ಪುಟದ ಕೆಳಗೂ ಸಹಿ ಹಾಕುತ್ತಾಳೆ. 27ನೇ ಕಲಮಿನ ಹೆಸರು ಆ ಕೋಣೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಬಿಡುವ ದಿನ ಅವಳನ್ನು ಹಿಡಿದು ನಿಲ್ಲಿಸುವುದು ತೊಂಬತ್ತು ದಿನದ ನೋಟಿಸ್ ಪೀರಿಯಡ್ ಮತ್ತು ಒಂದು ರಿಲೀವಿಂಗ್ ಲೆಟರ್. ಅದಿಲ್ಲದೆ ಮುಂದಿನ ಕಂಪನಿಯ ಎಚ್‌ಆರ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೋರ್ಟಿನ ಮೆಟ್ಟಿಲು ಹತ್ತುವುದು ಬಹುಮಟ್ಟಿಗೆ ದೊಡ್ಡ ಕುರ್ಚಿಯ ಜಗಳಗಳು. ಕಾಗ್ನಿಜೆಂಟ್ ಸೇರಿದ ತನ್ನ ಹಣಕಾಸು ಮುಖ್ಯಸ್ಥ ಜತಿನ್ ದಲಾಲ್ ಮೇಲೆ ವಿಪ್ರೊ 2023ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ 25 ಕೋಟಿಗೂ ಹೆಚ್ಚು ಕೇಳಿ ದಾವೆ ಹೂಡಿತು. ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು.

ಸಣ್ಣ ಕುರ್ಚಿಯ ಜಗಳವೊಂದೂ ಇತ್ತೀಚೆಗೆ ಕೊನೆ ಮುಟ್ಟಿತು. ಎ.ಬಿ. ಶೆಟ್ಟರು 1931ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ವಿಜಯಾ ಬ್ಯಾಂಕು, ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು ಎಂದು ಅಧಿಕಾರಿಗಳಿಂದ ಬಾಂಡ್ ಬರೆಸಿಕೊಳ್ಳುತ್ತಿತ್ತು. ಈ ಷರತ್ತಿನ ಹುದ್ದೆಗೆ 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಐಡಿಬಿಐ ಬ್ಯಾಂಕಿಗೆ ಹೊರಟರು, ಆಕ್ಷೇಪ ಬರೆದಿಟ್ಟೇ ಎರಡು ಲಕ್ಷ ಕಟ್ಟಿದರು, 27ನೇ ಕಲಂ ಹಿಡಿದು ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರ ನಿಂತಿತು. ಸುಪ್ರೀಂ ಕೋರ್ಟು ನಿಲ್ಲಲಿಲ್ಲ. ಬೇರೆ ಕಡೆ ಹೋಗಬೇಡ ಎಂದು ಬ್ಯಾಂಕು ಹೇಳಿಲ್ಲ, ಹೊಸಬರನ್ನು ಮತ್ತೆ ನೇಮಿಸಿಕೊಳ್ಳುವ ಖರ್ಚು ಕೇಳಿದೆ, ಅದೂ ಸೇವೆಯ ಅವಧಿಗೆ ಸೇರಿದ ಷರತ್ತು ಎಂದು 2025ರ ಮೇ 14ರಂದು ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ವಿಜಯಾ ಬ್ಯಾಂಕೇ ಇರಲಿಲ್ಲ. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ ಆಗಲೇ ಆರು ವರ್ಷವಾಗಿತ್ತು, ಮಂಗಳೂರಿನ ಬೀದಿಗಳಲ್ಲಿ ಬೋರ್ಡುಗಳೂ ಬದಲಾಗಿದ್ದವು.