ಆಶ್ರಯವಿದ್ದರೆ ಕಲೆ ಉಳಿದೀತು

ಕೊಪ್ಪಳ ತಾಲ್ಲೂಕಿನ ಕಿನ್ನಾಳ ನಮ್ಮ ತಳಕಲ್‌ಗೆ ದೂರದ ಊರೇನಲ್ಲ. ಬಣ್ಣದ ಮರದ ಗೊಂಬೆಗಳಿಗೆ ಅದು ನಾಡಿನಲ್ಲೆಲ್ಲ ಹೆಸರುವಾಸಿ. ಹಂಪಿಯ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿಯ ಚಿತ್ರಗಳನ್ನು ಬರೆದವರು ಇಲ್ಲಿನ ಚಿತ್ರಗಾರರ ಪೂರ್ವಜರೆಂಬ ಪ್ರತೀತಿಯಿದೆ. ಬೀದರಿನ ಬಿದ್ರಿ ಕಲೆಯೂ ಬಹಮನಿ ಸುಲ್ತಾನರ ಆಶ್ರಯದಲ್ಲಿ ಬೆಳೆದದ್ದು. ಸತು-ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪಾಗಿಸುವ ಈ ಕಲೆಗಾಗಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು.

ಅರಸರು ಹೋದರು, ಇಂದು ಆಶ್ರಯ ಕೊಡಬೇಕಾದದ್ದು ಸರ್ಕಾರ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ತಯಾರಿಕೆಯೂ ಸೇರಿದೆ. ಉಪಕರಣಕ್ಕೆ 15,000 ರೂ., ತರಬೇತಿಯಲ್ಲಿ ದಿನಕ್ಕೆ 500 ರೂ. ಭತ್ಯೆ, ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಾಗಿ 3 ಲಕ್ಷ ರೂ.ವರೆಗೆ ಸಾಲ ಅದರಲ್ಲಿವೆ.

ಆದರೆ ಅರಸರು ಹಣವನ್ನಷ್ಟೇ ಕೊಡಲಿಲ್ಲ, ಕೆಲಸವನ್ನೂ ಕೊಟ್ಟರು. ಅನುದಾನದಿಂದ ಹೊಸ ಉಳಿ ಬಂದೀತು. ವರ್ಷವಿಡೀ ಕೆಲಸ ಸಿಗಬೇಕಾದರೆ ಕೊಳ್ಳುವವರು ಬೇಕು. ಕೊಳ್ಳುವವರಿಲ್ಲದ ಮನೆಯಲ್ಲಿ ಮಗ ತಂದೆಯ ಉಳಿಯನ್ನು ಹಿಡಿಯಲಾರ. ಪ್ರಿಯ ವಿದ್ಯಾರ್ಥಿಗಳೇ, ಓದು ಬಲ್ಲ ನೀವು ಒಬ್ಬ ಕುಶಲಕರ್ಮಿಯ ಅರ್ಜಿ ತುಂಬಿಕೊಟ್ಟರೆ, ಮನೆಗೆ ಒಂದು ಗೊಂಬೆ ಕೊಂಡರೆ, ಅದೂ ಕಲೆಗೆ ಕೊಟ್ಟ ಆಶ್ರಯವೇ ಸರಿ.